ಹಾಸನವೂ ಒಮ್ಮೆ ‘ಫಾರಿನ್’ ಆಗಿತ್ತು: ತಾತನ ಪಾಸ್‌ಪೋರ್ಟ್ ಮತ್ತು ವಿದೇಶಾಂಗ ಸಚಿವಾಲಯ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು. ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ತಾತನ 1938ರ ಪಾಸ್‌ಪೋರ್ಟ್ ಸಿಕ್ಕಿತು. ಕಾಫಿ ವ್ಯಾಪಾರದ ಮೇಲೆ ಅವರು ಒಮ್ಮೆ ಲಂಡನ್ನಿಗೆ ಹೋಗಿ ಬಂದಿದ್ದರಂತೆ. ಕಡುನೀಲಿ ರಟ್ಟು, ಮೇಲೆ ಬ್ರಿಟಿಷ್ ರಾಜಲಾಂಛನ, ಅದರ ಕೆಳಗೆ ‘ಇಂಡಿಯನ್ ಎಂಪೈರ್’. ಒಳಗೆ ತಾತನನ್ನು ‘ಬ್ರಿಟಿಷ್ ಸಂರಕ್ಷಿತ ವ್ಯಕ್ತಿ’ ಎಂದು ಬರೆದಿದೆ, ಮೊಹರು ಬೆಂಗಳೂರಿನದು. ನಮ್ಮ ಮಹಾರಾಜರ ಸರ್ಕಾರ ಪಾಸ್‌ಪೋರ್ಟ್ ಏಕೆ ಕೊಡಲಿಲ್ಲ? ಈಗ ಮಗಳ ಪಾಸ್‌ಪೋರ್ಟಿಗೆ ಹಾಸನದ ಅಂಚೆ ಕಚೇರಿಗೆ ಹೋಗಿ ಬಂದೆವು. ಅವಳು ವಿದೇಶಾಂಗ ಸೇವೆಯ ಐಎಫ್‌ಎಸ್‌ಗೆ ಓದುತ್ತಿದ್ದಾಳೆ. ವಿದೇಶಾಂಗ ಸಚಿವಾಲಯ ಹುಟ್ಟಿದ್ದು ಯಾವಾಗ? ಸಚಿವರು ಯಾರು, ಕಾರ್ಯದರ್ಶಿ ಯಾರು, ಒಳಗೆ ಕೆಲಸ ನಡೆಯುವುದು ಹೇಗೆ? ಸ್ವಲ್ಪ ವಿವರವಾಗಿ ತಿಳಿಸಿ.

ಉತ್ತರ: ಮೊದಲು ಒಂದು ವಿನಂತಿ. ಆ ಪಾಸ್‌ಪೋರ್ಟನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮನೆತನದ ಕಾಗದಗಳನ್ನು ಭದ್ರ ಮಾಡಲು ಹೋಗಿ ಅಂಗಡಿಯ ಬಿಸಿ ಯಂತ್ರಕ್ಕೆ ಬಲಿ ಕೊಟ್ಟವರನ್ನು ಕಂಡಿದ್ದೇನೆ. ಸಕಲೇಶಪುರದ ಎಂಬತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದು ಉಳಿದಿರುವ ಪುಸ್ತಕಕ್ಕೆ ಒಣ ಬಟ್ಟೆ, ಕಾಗದದ ಲಕೋಟೆ, ಗಾಳಿಯಾಡುವ ಪೆಟ್ಟಿಗೆ ಸಾಕು. ಹಾಗೆಯೇ ರಟ್ಟನ್ನು ಇನ್ನೊಮ್ಮೆ ನೋಡಿ. ಮೇಲೆ ಕೆಳಗೆ ಎರಡು ಸಣ್ಣ ಕಿಂಡಿಗಳನ್ನು ಕತ್ತರಿಸಿರಬೇಕು; ಒಂದರಲ್ಲಿ ತಾತನ ಹೆಸರು, ಇನ್ನೊಂದರಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇಣುಕುತ್ತಿರುತ್ತದೆ.

ಇನ್ನು ‘ಸಂರಕ್ಷಿತ ವ್ಯಕ್ತಿ’ಯ ಮಾತು. ನಿಮ್ಮ ತಾತ ಮೈಸೂರಿನ ಪ್ರಜೆ. ಮದ್ರಾಸಿನಲ್ಲೋ ಧಾರವಾಡದಲ್ಲೋ ಹುಟ್ಟಿದ್ದರೆ ಬ್ರಿಟಿಷ್ ಪ್ರಜೆಯಾಗುತ್ತಿದ್ದರು. ಸಂಸ್ಥಾನದಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳಲ್ಲ, ಆದರೆ ಪರದೇಶಕ್ಕೆ ಕಾಲಿಟ್ಟಾಗ ಅವರ ಹೊಣೆ ಬ್ರಿಟಿಷರದು. ಮಹಾರಾಜರಿಗೆ ಪೊಲೀಸರಿದ್ದರು, ಹೈಕೋರ್ಟ್ ಇತ್ತು, ರೈಲು ಇತ್ತು, ವಿಶ್ವವಿದ್ಯಾಲಯ ಇತ್ತು. ಲಂಡನ್ನಿನಲ್ಲಿ ಮೈಸೂರಿನ ವ್ಯಾಪಾರ ಕಮಿಷನರ್ ಕೂಡ ಒಬ್ಬರಿದ್ದರು. ವಿದೇಶಾಂಗ ಮಾತ್ರ ಇರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ 1799ರ ಜುಲೈನಲ್ಲಿ ಆದ ಒಪ್ಪಂದದಲ್ಲೇ ಆ ಬಾಗಿಲು ಮುಚ್ಚಿತು: ಈಸ್ಟ್ ಇಂಡಿಯಾ ಕಂಪನಿಯ ಅರಿವಿಗೆ ಬಾರದೆ ಮೈಸೂರು ಬೇರೆ ಯಾವ ರಾಜ್ಯದೊಂದಿಗೂ ಪತ್ರವ್ಯವಹಾರ ನಡೆಸುವಂತಿಲ್ಲ. ಹನ್ನೊಂದು ವರ್ಷಗಳ ಹಿಂದೆಯಷ್ಟೇ, 1788ರಲ್ಲಿ, ಟಿಪ್ಪುವಿನ ರಾಯಭಾರಿಗಳು ಹಡಗಿನಲ್ಲಿ ಫ್ರಾನ್ಸಿಗೆ ಹೋಗಿ ಹದಿನಾರನೇ ಲೂಯಿಯ ಆಸ್ಥಾನದಲ್ಲಿ ನಿಂತಿದ್ದರು. ಅದಕ್ಕೂ ಮೊದಲೇ ಇನ್ನೊಂದು ತಂಡ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟಿತ್ತು. ಅಂಥ ರಾಜ್ಯಕ್ಕೆ ಹೊರಗಿನವರಿಗೆ ಒಂದು ಕಾಗದ ಬರೆಯಲೂ ಅನುಮತಿ ಬೇಕಾಯಿತು.

ಈಗ ಆ ಅನುಮತಿ ಕೊಡುವ ಕಚೇರಿಗೆ ಬರೋಣ. ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ವಿದೇಶಾಂಗ ಸಚಿವಾಲಯ 1947ರಲ್ಲಿ ಹುಟ್ಟಿತು ಎಂದು ಪಠ್ಯಪುಸ್ತಕದ ಓದುಗರು ಅಂದುಕೊಳ್ಳುತ್ತಾರೆ. ಹೆಸರು ಹೊಸದು, ಮನೆ ಹಳೆಯದು. 1783ರ ಸೆಪ್ಟೆಂಬರ್ 13ರಂದು ಕಲ್ಕತ್ತೆಯ ಫೋರ್ಟ್ ವಿಲಿಯಮ್ಮಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಒಂದು ನಿರ್ಣಯ ಮಾಡಿತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಆಡಳಿತದ ‘ರಹಸ್ಯ ಮತ್ತು ರಾಜಕೀಯ’ ಕೆಲಸದ ಹೊರೆ ಇಳಿಸಲು ಒಂದು ಪ್ರತ್ಯೇಕ ಇಲಾಖೆ ಬೇಕು ಎಂಬುದು ಅದರ ಸಾರ. ಇಂದಿನ ಸಚಿವಾಲಯ ತನ್ನ ಮೂಲವನ್ನು ಗುರುತಿಸಿಕೊಳ್ಳುವುದು ಆ ದಿನದಿಂದಲೇ.

ಆ ವರ್ಷ ಹೇಸ್ಟಿಂಗ್ಸ್‌ನ ಮೇಜಿನ ಮೇಲೆ ಯಾರ ಕಾಗದಗಳಿದ್ದವು ಎಂದು ಯೋಚಿಸಿ. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ. ಎರಡನೇ ಮೈಸೂರು ಯುದ್ಧ ಇನ್ನೂ ಮುಗಿದಿರಲಿಲ್ಲ. ಅದು ಮುಗಿದದ್ದು 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದದೊಂದಿಗೆ. ಮರಾಠರ ಜೊತೆ ಸಾಲ್ಬಾಯ್ ಒಪ್ಪಂದದ ಶಾಯಿ ಆಗಷ್ಟೇ ಒಣಗುತ್ತಿತ್ತು. ಅಂದರೆ ಈ ದೇಶದ ವಿದೇಶಾಂಗ ಇಲಾಖೆ ಹುಟ್ಟಿದಾಗ ಅದರ ತಲೆಬಿಸಿಗಳಲ್ಲಿ ದೊಡ್ಡದೊಂದು ಮೈಸೂರೇ ಆಗಿತ್ತು. ನಾವೇ ಅದರ ವಿದೇಶ.

ಇದು ಚಮತ್ಕಾರಕ್ಕೆ ಹೇಳಿದ ಮಾತಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ ಒಂದು ಬೇಸಿಗೆ ರಜೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಕುಳಿತಿದ್ದೆ. ಮೈಸೂರಿನ ಕಂದಾಯದ ಕಾಗದ ಹುಡುಕುತ್ತ ಗೃಹ ಇಲಾಖೆಯ ಸೂಚಿಗಳನ್ನು ಎರಡು ದಿನ ತಿರುವಿದೆ. ಸಿಗಲಿಲ್ಲ. ಅಲ್ಲಿನ ಹಿರಿಯ ಗುಮಾಸ್ತರೊಬ್ಬರು ನನ್ನ ಚೀಟಿಯನ್ನು ನೋಡಿ, ಏನೂ ಹೇಳದೆ, ‘ಫಾರಿನ್ ಡಿಪಾರ್ಟ್‌ಮೆಂಟ್’ ಎಂದು ಬೆನ್ನಿನ ಮೇಲೆ ಬರೆದಿದ್ದ ಸಂಪುಟವನ್ನು ತಂದು ಮುಂದಿಟ್ಟರು. ಕಾಬೂಲ್, ನೇಪಾಳ, ಪರ್ಷಿಯನ್ ಕೊಲ್ಲಿ, ಅವುಗಳ ನಡುವೆ ಮೈಸೂರು! ನಾನು ಹಾಸನದಿಂದ ರೈಲು ಹತ್ತಿ ಬಂದವನು. ಆ ಸೂಚಿಯ ಪ್ರಕಾರ ಪರದೇಶದವನು.

ಕಾರಣ ಸರಳ. ಆ ಇಲಾಖೆಗೆ ಮೊದಲಿನಿಂದಲೂ ಎರಡು ಮುಖ. ಯುರೋಪಿನ ಶಕ್ತಿಗಳೊಂದಿಗೆ ನಡೆಸುವ ವ್ಯವಹಾರಕ್ಕೆ ‘ಫಾರಿನ್’ ಎಂದು ಹೆಸರು. ಏಷ್ಯಾದ ಅರಸರು, ನಮ್ಮ ದೇಶೀ ಸಂಸ್ಥಾನಗಳು, ಇವರೊಂದಿಗಿನದು ‘ಪೊಲಿಟಿಕಲ್’. 1843ರಲ್ಲಿ ಗವರ್ನರ್ ಜನರಲ್ ಎಲೆನ್‌ಬರೋ ಇಡೀ ಸಚಿವಾಲಯವನ್ನು ವಿದೇಶ, ಗೃಹ, ಹಣಕಾಸು, ಸೈನ್ಯ ಎಂದು ನಾಲ್ಕು ಇಲಾಖೆಗಳಾಗಿ ಕಟ್ಟಿದಾಗಲೂ ಈ ಎರಡು ಮುಖಗಳು ಒಂದೇ ಸೂರಿನಡಿ ಉಳಿದವು. 1831ರಲ್ಲಿ ನಗರ ಸೀಮೆಯ ದಂಗೆಯ ನೆಪದಲ್ಲಿ ಮೈಸೂರನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡು 1881ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಮರಳಿಸುವ ತನಕ ಐವತ್ತು ವರ್ಷ ಇಲ್ಲಿ ನಡೆದದ್ದು ಕಮಿಷನರ್ ಆಡಳಿತ. ಮಾರ್ಕ್ ಕಬ್ಬನ್, ಲೂಯಿನ್ ಬೌರಿಂಗ್ ಇವರೆಲ್ಲ ಆ ಕಾಲದವರು. ಹಾಸನ ಜಿಲ್ಲೆ, ಆಗ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ಚಿಕ್ಕಮಗಳೂರು, ಎರಡರ ಹಣೆಬರಹವೂ ಮೈಸೂರಿನ ಕಡತದ ಜೊತೆ ಕಲ್ಕತ್ತೆಯ ವಿದೇಶ ಇಲಾಖೆಗೆ ಹೋಗಿ ಬರುತ್ತಿತ್ತು. 1881ರ ನಂತರ ಕಮಿಷನರ್ ಹೋದ, ಸಂಸ್ಥಾನದ ಮೇಲೆ ಕಣ್ಣಿಡುವ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟ್, ಬಂದ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಆ ಹೆಸರು ಬಂದದ್ದು ಅವನಿಂದ. ಅವನು ಇದ್ದ ಬಂಗಲೆ ಇಂದಿನ ರಾಜಭವನ. ನಿಮ್ಮ ತಾತನ ಪಾಸ್‌ಪೋರ್ಟಿನಲ್ಲಿ ಮೈಸೂರಿನ ಮೊಹರಿಲ್ಲದೆ ಬೆಂಗಳೂರಿನ ಮೊಹರು ಇರುವುದನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಿ.

1914ರಲ್ಲಿ ಇಲಾಖೆಯ ಹೆಸರೇ ‘ಫಾರಿನ್ ಅಂಡ್ ಪೊಲಿಟಿಕಲ್’ ಎಂದಾಯಿತು. 1935ರ ಭಾರತ ಸರ್ಕಾರ ಕಾಯ್ದೆಯ ನಂತರ, 1937ರಲ್ಲಿ, ಎರಡೂ ಬೇರೆಯಾದವು. ಹೊರಗಿನ ದೇಶಗಳಿಗೆ ‘ಎಕ್ಸ್‌ಟರ್ನಲ್ ಅಫೇರ್ಸ್’ ಇಲಾಖೆ, ಸಂಸ್ಥಾನಗಳಿಗೆ ‘ಪೊಲಿಟಿಕಲ್’ ಇಲಾಖೆ. ತಾತನ ಪಾಸ್‌ಪೋರ್ಟ್ 1938ರದು. ಈ ಪಾಲಾಗಿ ಒಂದೇ ವರ್ಷ. ಅಣ್ಣತಮ್ಮಂದಿರು ಬೇರೆಯಾದರೂ ಹಟ್ಟಿ ಒಂದೇ ಎನ್ನುವಂತೆ, ಎರಡೂ ವೈಸ್‌ರಾಯ್‌ನ ನೇರ ಕೈಕೆಳಗೇ ಇದ್ದವು. ಬೇರೆ ಇಲಾಖೆಗಳಿಗೆ ಕೌನ್ಸಿಲ್ಲಿನ ಸದಸ್ಯರು ಯಜಮಾನರು. ಇದಕ್ಕೆ ಮಾತ್ರ ವೈಸ್‌ರಾಯ್ ಸ್ವತಃ. ಹಾಗಾಗಿ ಅದರ ಕಾರ್ಯದರ್ಶಿಗೆ ವಿಪರೀತ ತೂಕ. ಆಫ್ಘಾನಿಸ್ತಾನದ ಗಡಿಯ ಡ್ಯುರಾಂಡ್ ರೇಖೆ, ಈಶಾನ್ಯದ ಮೆಕ್‌ಮಹನ್ ರೇಖೆ, ಇವೆರಡೂ ಈ ಇಲಾಖೆಯ ಕಾರ್ಯದರ್ಶಿಗಳ ಹೆಸರುಗಳು. 1893ರಲ್ಲಿ ಒಬ್ಬರು, 1914ರಲ್ಲಿ ಇನ್ನೊಬ್ಬರು ಎಳೆದ ಗೆರೆಗಳ ಜಗಳ ಇಂದಿಗೂ ಮುಗಿದಿಲ್ಲ.

ಸ್ವತಂತ್ರವಲ್ಲದ ದೇಶಕ್ಕೆ ವಿದೇಶಾಂಗ ನೀತಿ ಎಲ್ಲಿಂದ ಬಂತು ಎಂದು ನಿಮ್ಮ ಮಗಳು ಕೇಳಬಹುದು. ಕೇಳಲಿ. ಆ ಕಾಲದ ಭಾರತ ವಿಚಿತ್ರ ಪ್ರಾಣಿ. ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿತ್ತು, ರಾಷ್ಟ್ರ ಸಂಘದ ಮೂಲ ಸದಸ್ಯನಾಗಿತ್ತು. 1941ರಿಂದ ವಾಷಿಂಗ್ಟನ್ನಿನಲ್ಲಿ ಗಿರಿಜಾ ಶಂಕರ್ ಬಾಜಪೇಯಿ ಭಾರತದ ಏಜೆಂಟ್ ಜನರಲ್ ಆಗಿದ್ದರು. ರಾಯಭಾರಿ ಅನ್ನುವಂತಿಲ್ಲ, ಆದರೆ ಕೆಲಸ ಅದೇ. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಮರುವರ್ಷವೇ ನಮ್ಮ ಮೈಸೂರಿಗೆ ದಿವಾನರಾಗಿ ಬಂದರು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ಜಗತ್ತಿನ ಸನ್ನದಿಗೆ ಸಹಿ ಹಾಕಿದ ಕೈ ಹಾಸನದ ಅಮಲ್ದಾರರ ವರ್ಗಾವಣೆಯ ಕಾಗದಕ್ಕೂ ಸಹಿ ಹಾಕಿರಬಹುದು ಎಂದು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರ ಬಂದಾಗ ನೆಹರೂ ಈ ಖಾತೆ ಹಿಡಿದರು. 1964ರ ಮೇ ತಿಂಗಳಲ್ಲಿ ಸಾಯುವ ತನಕ ಬಿಡಲಿಲ್ಲ. ಹದಿನೇಳು ವರ್ಷ ಎಂಟು ತಿಂಗಳು. ವೈಸ್‌ರಾಯ್ ತಾನೇ ಇಟ್ಟುಕೊಂಡಿದ್ದ ಖಾತೆಯನ್ನು ಪ್ರಧಾನಿಯೂ ತಾನೇ ಇಟ್ಟುಕೊಂಡರು ಎಂದರೆ ನೆಹರೂ ಅಭಿಮಾನಿಗಳಿಗೆ ಕೋಪ ಬರುತ್ತದೆ, ಆದರೆ ಕಚೇರಿಯ ಚರಿತ್ರೆ ಹೇಳುವುದು ಅದನ್ನೇ. 1946ರ ಅಕ್ಟೋಬರ್ 9ರಂದು ಭಾರತೀಯ ವಿದೇಶಾಂಗ ಸೇವೆಯ ಸ್ಥಾಪನೆಗೆ ಒಪ್ಪಿಗೆ ಸಿಕ್ಕಿತು. ಆ ಸೇವೆಯವರು ಇಂದಿಗೂ ಅದೇ ದಿನ ತಮ್ಮ ಹಬ್ಬ ಮಾಡುತ್ತಾರೆ. ಹೊರನಾಡಿನ ಭಾರತೀಯರನ್ನು ನೋಡಿಕೊಳ್ಳುತ್ತಿದ್ದ ಕಾಮನ್‌ವೆಲ್ತ್ ಸಂಬಂಧಗಳ ಇಲಾಖೆಯನ್ನು 1947ರಲ್ಲಿ ಇದರೊಳಗೆ ಸೇರಿಸಲಾಯಿತು. ಮೊದಲ ವಿದೇಶಾಂಗ ಕಾರ್ಯದರ್ಶಿ ಕೆ.ಪಿ.ಎಸ್. ಮೆನನ್. ಅವರ ಮೇಲೆ ಸೆಕ್ರೆಟರಿ ಜನರಲ್ ಎಂಬ ಇನ್ನೊಂದು ಕುರ್ಚಿ ಹಾಕಿ ವಾಷಿಂಗ್ಟನ್ನಿನ ಬಾಜಪೇಯಿಯವರನ್ನು ಕೂರಿಸಲಾಯಿತು. ಮುಂದೆ ಆ ಕುರ್ಚಿಯೂ ಹೋಯಿತು.

ಇನ್ನೊಬ್ಬ ಅಣ್ಣ, ಪೊಲಿಟಿಕಲ್ ಇಲಾಖೆ, ಏನಾಯಿತು? ಬಾಗಿಲು ಹಾಕುವ ಮುನ್ನ ಅದರ ಬ್ರಿಟಿಷ್ ಅಧಿಕಾರಿಗಳು ಅರಸರ ಖಾಸಗಿ ಹಗರಣಗಳ ಕಡತಗಳನ್ನು ಟನ್‌ಗಟ್ಟಲೆ ಸುಟ್ಟರು. 1947ರ ಜುಲೈನಲ್ಲಿ ಅದರ ಜಾಗದಲ್ಲಿ ‘ಸ್ಟೇಟ್ಸ್ ಡಿಪಾರ್ಟ್‌ಮೆಂಟ್’ ಬಂತು. ಸರ್ದಾರ್ ಪಟೇಲ್ ಮಂತ್ರಿ, ವಿ.ಪಿ. ಮೆನನ್ ಕಾರ್ಯದರ್ಶಿ. ಆಗಸ್ಟ್‌ನಲ್ಲಿ ಜಯಚಾಮರಾಜ ಒಡೆಯರು ಸಹಿ ಹಾಕಿದ ಸೇರ್ಪಡೆ ಪತ್ರದಲ್ಲಿ ದೆಹಲಿಗೆ ಬಿಟ್ಟುಕೊಟ್ಟ ವಿಷಯಗಳು ಮೂರು: ರಕ್ಷಣೆ, ವಿದೇಶಾಂಗ, ಸಂಪರ್ಕ. ನೂರ ನಲವತ್ತೆಂಟು ವರ್ಷಗಳಿಂದ ಕೈಯಲ್ಲಿ ಇಲ್ಲದ ವಿದೇಶಾಂಗವನ್ನು ಮೈಸೂರು ಅಂದು ವಿಧಿವತ್ತಾಗಿ ಬಿಟ್ಟುಕೊಟ್ಟಿತು.

ಇಷ್ಟು ಹಳೆಯ ಕಥೆ. ಇನ್ನು ಒಳಮನೆಗೆ ಹೋಗೋಣ.

ಸಚಿವರು ಜನಪ್ರತಿನಿಧಿ, ಸಂಸತ್ತಿಗೆ ಉತ್ತರ ಹೇಳಬೇಕಾದವರು. ನಮ್ಮ ಮದ್ದೂರಿನ ಎಸ್.ಎಂ. ಕೃಷ್ಣ 2009ರಿಂದ 2012ರ ತನಕ ಆ ಸ್ಥಾನದಲ್ಲಿದ್ದರು. ವಿದೇಶಾಂಗ ಕಾರ್ಯದರ್ಶಿ ಅಧಿಕಾರಿ, ಇಡೀ ವಿದೇಶಾಂಗ ಸೇವೆಯ ಹಿರಿಯ. ಕೃಷ್ಣರ ಅವಧಿಯಲ್ಲಿ ಎರಡು ವರ್ಷ ಆ ಹುದ್ದೆಯಲ್ಲಿದ್ದವರು ಬೆಂಗಳೂರಿನಲ್ಲಿ ಪದವಿ ಓದಿದ ನಿರುಪಮಾ ರಾವ್. ಪತ್ರಿಕೆಯಲ್ಲಿ ‘ವಿದೇಶಾಂಗ ಕಾರ್ಯದರ್ಶಿ ಮಟ್ಟದ ಮಾತುಕತೆ’ ಎಂದು ಬಂದರೆ ಇಬ್ಬರು ಅಧಿಕಾರಿಗಳು ಕೂತು ಪದಪದವನ್ನೂ ತೂಗುತ್ತಿದ್ದಾರೆ ಎಂದರ್ಥ. ಸಚಿವರು ಬರುವುದು ಹೆಚ್ಚಾಗಿ ಹೆಣಿಗೆ ಮುಗಿದ ಮೇಲೆ, ಗಂಟು ಹಾಕಲು. ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ‘ಸೆಕ್ರೆಟರಿ’ ಎಂದರೆ ಮಂತ್ರಿ, ಬ್ರಿಟನ್ನಿನಲ್ಲಿ ‘ಫಾರಿನ್ ಸೆಕ್ರೆಟರಿ’ ಎಂದರೂ ಮಂತ್ರಿಯೇ. ನಮ್ಮಲ್ಲಿ ಮಾತ್ರ ಅಧಿಕಾರಿ.

ಈ ಕುರ್ಚಿ ಎಷ್ಟು ದೊಡ್ಡದು, ಎಷ್ಟು ಸಡಿಲ ಎಂಬುದಕ್ಕೆ 1987ರ ಜನವರಿ 20 ಸಾಕ್ಷಿ. ರಾಜೀವ್ ಗಾಂಧಿಯವರ ಪತ್ರಿಕಾಗೋಷ್ಠಿ. ಪಾಕಿಸ್ತಾನದ ಪತ್ರಕರ್ತರೊಬ್ಬರು ವಿದೇಶಾಂಗ ಕಾರ್ಯದರ್ಶಿಯ ಮಾತನ್ನು ಎತ್ತಿ ಏನೋ ಕೇಳಿದರು. ಸದ್ಯದಲ್ಲೇ ಹೊಸ ಕಾರ್ಯದರ್ಶಿ ಬರುತ್ತಾರೆ ಎಂದು ಪ್ರಧಾನಿ ಎಲ್ಲರೆದುರು ಹೇಳಿಬಿಟ್ಟರು. ಹಾಲಿ ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್ ಅದೇ ಸಭೆಯಲ್ಲಿ ಕುಳಿತಿದ್ದರು. ಅಂದೇ ರಾಜೀನಾಮೆ ಬರೆದುಕೊಟ್ಟರು. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿ ಅಲ್ಲೇ 2014ರಲ್ಲಿ ತೀರಿಕೊಂಡರು. ಈಗ ಈ ಹುದ್ದೆಗೆ ಎರಡು ವರ್ಷಗಳ ನಿಗದಿತ ಅವಧಿ ಇದೆ.

ಕಾರ್ಯದರ್ಶಿಗಳು ಒಬ್ಬರೇ ಅಲ್ಲ. ವಿದೇಶಾಂಗ ಕಾರ್ಯದರ್ಶಿಯ ಜೊತೆಗೆ ಪೂರ್ವ, ಪಶ್ಚಿಮ, ಆರ್ಥಿಕ ಸಂಬಂಧ, ಹಾಗೂ ಪಾಸ್‌ಪೋರ್ಟ್–ವೀಸಾ–ಅನಿವಾಸಿ ಭಾರತೀಯರ ವಿಚಾರಗಳಿಗೆ ಬೇರೆ ಬೇರೆ ಕಾರ್ಯದರ್ಶಿಗಳಿದ್ದಾರೆ. ಆದರೆ ನಿಜವಾದ ನೊಗ ಜಂಟಿ ಕಾರ್ಯದರ್ಶಿಯ ಹೆಗಲ ಮೇಲಿದೆ. ಜಗತ್ತನ್ನು ಇಲ್ಲಿ ವಿಭಾಗಗಳಾಗಿ ಹಂಚಿದ್ದಾರೆ. ಒಂದೊಂದು ವಿಭಾಗಕ್ಕೂ ಸಾಮಾನ್ಯವಾಗಿ ಒಬ್ಬ ಜಂಟಿ ಕಾರ್ಯದರ್ಶಿ. ಪಾಕಿಸ್ತಾನ, ಆಫ್ಘಾನಿಸ್ತಾನ, ಇರಾನ್ ಒಂದೇ ಮೇಜು. ನೇಪಾಳ–ಭೂತಾನ್‌ಗೆ ‘ಉತ್ತರ ವಿಭಾಗ’. ಈಜಿಪ್ಟ್ ಆಫ್ರಿಕಾದಲ್ಲಿದ್ದರೂ ಅದರ ಕಡತ ಪಶ್ಚಿಮ ಏಷ್ಯಾ–ಉತ್ತರ ಆಫ್ರಿಕಾ ವಿಭಾಗದ್ದು. ಭೂಪಟ ನೋಡಿ ಅರ್ಥವಾಗದ ಈ ಹಂಚಿಕೆ ಆಯಾ ಕಾಲದ ನೀತಿಯ ಕುರುಹು: ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಸೇಶೆಲ್ಸ್‌ಗಳನ್ನು 2016ರಲ್ಲಿ ಒಟ್ಟುಗೂಡಿಸಿ ಹಿಂದೂ ಮಹಾಸಾಗರ ವಿಭಾಗ ಮಾಡಿದಾಗ ದೆಹಲಿ ಸಮುದ್ರದ ಕಡೆ ಮುಖ ಮಾಡಿದೆ ಎಂದು ಗುಮಾಸ್ತನಿಗೂ ತಿಳಿಯಿತು. ದೇಶವಾರು ಅಲ್ಲದ ವಿಭಾಗಗಳೂ ಇವೆ: ಶಿಷ್ಟಾಚಾರ, ಕಾನೂನು ಮತ್ತು ಒಪ್ಪಂದ, ವಿಶ್ವಸಂಸ್ಥೆ, ನಿಶ್ಶಸ್ತ್ರೀಕರಣ ಇತ್ಯಾದಿ. ಹಿಂದೆ ಇತಿಹಾಸ ವಿಭಾಗವೂ ಇತ್ತು. ಚರಿತ್ರಕಾರ ಸರ್ವೆಪಲ್ಲಿ ಗೋಪಾಲ್ ಅದರ ನಿರ್ದೇಶಕರಾಗಿ ಚೀನಾ ಗಡಿಯ ದಾಖಲೆಗಳನ್ನು ಲಂಡನ್ನಿನಲ್ಲಿ ಜಾಲಾಡಿದವರು. ಸರ್ಕಾರ ಒಬ್ಬ ಇತಿಹಾಸದ ಮೇಷ್ಟರನ್ನು ಗಡಿ ವಿವಾದಕ್ಕೆ ಕಳಿಸಿದ ಆ ಕಾಲ ನೆನೆದರೆ ನನ್ನಂಥವನಿಗೆ ಸ್ವಲ್ಪ ಹೊಟ್ಟೆಕಿಚ್ಚು.

ಹೊರದೇಶಗಳಲ್ಲಿ ಭಾರತದ ಕಚೇರಿಗಳು ಸುಮಾರು 200. ಕಾಮನ್‌ವೆಲ್ತ್ ದೇಶದಲ್ಲಿದ್ದರೆ ಹೈಕಮಿಷನ್, ಉಳಿದೆಡೆ ರಾಯಭಾರ ಕಚೇರಿ, ದೊಡ್ಡ ಊರುಗಳಲ್ಲಿ ಕಾನ್ಸುಲೇಟ್. ಇಷ್ಟನ್ನೂ ದೆಹಲಿಯ ವಿಭಾಗಗಳನ್ನೂ ನಡೆಸುವ ವಿದೇಶಾಂಗ ಸೇವೆಯ ಅಧಿಕಾರಿಗಳು ಸಾವಿರದ ಆಸುಪಾಸು. ಇಷ್ಟು ದೊಡ್ಡ ದೇಶಕ್ಕೆ ಇದು ಕಡಿಮೆ ಎಂದು ಸಂಸದೀಯ ಸಮಿತಿಗಳು ಮತ್ತೆ ಮತ್ತೆ ಹೇಳಿವೆ. ನನಗೂ ಹಾಗೆಯೇ ಅನ್ನಿಸುತ್ತದೆ.

ನಿಮ್ಮ ಮಗಳ ವಿಚಾರ. ಮೊದಲು ಊರಿನವರಿಗೆ ಹೇಳಿ: ಅವಳು ಆನೆ ಓಡಿಸುವ ಐಎಫ್‌ಎಸ್‌ಗೆ ಓದುತ್ತಿಲ್ಲ. ಆಲೂರು–ಸಕಲೇಶಪುರದ ಕಡೆ ‘ಐಎಫ್‌ಎಸ್ ಸಾಹೇಬರು’ ಎಂದರೆ ಅರಣ್ಯ ಇಲಾಖೆಯವರೇ. ತೋಟಕ್ಕೆ ಆನೆ ನುಗ್ಗಿದ ರಾತ್ರಿ ನೆನಪಾಗುವ ಸಾಹೇಬರು. ಎರಡೂ ಸೇವೆಗಳಿಗೆ ಅದೇ ಮೂರಕ್ಷರ. ವಿದೇಶಾಂಗ ಸೇವೆಗೆ ನಾಗರಿಕ ಸೇವಾ ಪರೀಕ್ಷೆಯ ಮೂಲಕವೇ ಹೋಗಬೇಕು. ಮಸ್ಸೂರಿಯಲ್ಲಿ ಬುನಾದಿ ತರಬೇತಿ, ನಂತರ ದೆಹಲಿಯಲ್ಲಿ ವಿದೇಶಾಂಗ ಸೇವಾ ಸಂಸ್ಥೆ. 1986ರಲ್ಲಿ ಶುರುವಾದ ಆ ಸಂಸ್ಥೆಗೆ 2020ರಿಂದ ಸುಷ್ಮಾ ಸ್ವರಾಜ್ ಹೆಸರಿದೆ. ಆಮೇಲೆ ಒಂದು ಪರಭಾಷೆ ಕಡ್ಡಾಯ. ಅರೇಬಿಕ್ ಬಿದ್ದರೆ ಕೈರೋ, ಚೀನಿ ಬಿದ್ದರೆ ಬೀಜಿಂಗ್ ಅಥವಾ ಆ ಭಾಷೆಯ ಇನ್ನೊಂದು ಊರು. ಹುದ್ದೆಯ ಮೆಟ್ಟಿಲು ತೃತೀಯ ಕಾರ್ಯದರ್ಶಿಯಿಂದ ಶುರುವಾಗಿ ರಾಯಭಾರಿಯ ತನಕ.

ಅವಳಿಗೆ ಒಂದು ಹೆಸರು ಹೇಳಲೇಬೇಕು. ನಮ್ಮ ನೆರೆಯ ಕೊಡಗಿನ ವಿರಾಜಪೇಟೆಯ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಸೇರುವಾಗ ಮದುವೆಯಾದರೆ ಕೆಲಸ ಬಿಡುತ್ತೇನೆ ಎಂದು ಬರೆದುಕೊಡಬೇಕಿತ್ತು, ಬರೆದುಕೊಟ್ಟರು. ಸೇವೆಯ ನಿಯಮಗಳು ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸ ಕೆಡುತ್ತದೆ ಎಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕು ಎನ್ನುತ್ತಿದ್ದವು. ಗಂಡಸರಿಗೆ ಹೆಂಡತಿ ಬಂದರೆ ಕೆಲಸ ಕೆಡುವುದಿಲ್ಲವೋ ಏನೋ, ಅವರಿಗೆ ಆ ನಿಯಮ ಇರಲಿಲ್ಲ. ಮುತ್ತಮ್ಮ ಹಂಗೇರಿಗೆ ರಾಯಭಾರಿಯಾದರು, ಸೇವೆಯೊಳಗಿನಿಂದ ಆ ಸ್ಥಾನಕ್ಕೆ ಏರಿದ ಮೊದಲ ಮಹಿಳೆ. ಆದರೂ ಮೇಲಿನ ದರ್ಜೆಯ ಬಡ್ತಿ ಕೊಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ವಿಚಾರಣೆಗೆ ಬರುವ ಹೊತ್ತಿಗೆ ಸಚಿವಾಲಯ ಬಡ್ತಿ ಕೊಟ್ಟುಬಿಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯನ್ನು ವಜಾ ಮಾಡಿತಾದರೂ, ಈ ನಿಯಮಗಳಲ್ಲಿ ಹೆಣ್ಣಿನ ಬಗೆಗಿನ ತಾರತಮ್ಯ ಎದ್ದು ಕಾಣುತ್ತದೆ, ಎಲ್ಲವನ್ನೂ ಮರುಪರಿಶೀಲಿಸಿ ಎಂದು ಸರ್ಕಾರಕ್ಕೆ ಖಡಕ್ಕಾಗಿ ಹೇಳಿತು. ಚೋಕಿಲಾ ಅಯ್ಯರ್ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದದ್ದು 2001ರಲ್ಲಿ. ವಿರಾಜಪೇಟೆಯ ಹುಡುಗಿ ಸೇರಿದ ಐವತ್ತೆರಡು ವರ್ಷಗಳ ಮೇಲೆ.

ಮಗಳ ಪಾಸ್‌ಪೋರ್ಟಿಗೆ ಅಂಚೆ ಕಚೇರಿ ಏಕೆ? ಪಾಸ್‌ಪೋರ್ಟ್, ವೀಸಾ ಎರಡೂ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿವೆ. 1920ರಲ್ಲಿ ಬಂದ ಪಾಸ್‌ಪೋರ್ಟ್ ಕಾಯ್ದೆಯ ಕಾಲದ ಪುಸ್ತಕ ನಿಮ್ಮ ತಾತನದು. ಈಗ ನಡೆಯುವುದು 1967ರ ಕಾಯ್ದೆ. ಸ್ವಾತಂತ್ರ್ಯದ ನಂತರವೂ 1954ರ ತನಕ ಸಚಿವಾಲಯದ ಪರವಾಗಿ ರಾಜ್ಯ ಸರ್ಕಾರಗಳೇ ಪಾಸ್‌ಪೋರ್ಟ್ ಕೊಡುತ್ತಿದ್ದವು. ಆ ವರ್ಷ ಮುಂಬೈ, ಕಲ್ಕತ್ತ, ದೆಹಲಿ, ಮದ್ರಾಸ್, ನಾಗಪುರಗಳಲ್ಲಿ ಮೊದಲ ಪ್ರಾದೇಶಿಕ ಕಚೇರಿಗಳು ತೆರೆದವು. 2017ರ ಜನವರಿಯಲ್ಲಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಕೇಂದ್ರ ಇಡುವ ಪ್ರಯೋಗ ಮೈಸೂರಿನಲ್ಲೂ ಗುಜರಾತಿನ ದಾಹೋದಿನಲ್ಲೂ ಶುರುವಾಯಿತು. ಆಮೇಲೆ ಹಾಸನಕ್ಕೂ ಬಂತು. ಕೌಂಟರ್ ಅಂಚೆಯವರದು, ಪಾಸ್‌ಪೋರ್ಟ್ ಮಂಜೂರು ಮಾಡುವ ಅಧಿಕಾರ ಬೆಂಗಳೂರಿನ ಪ್ರಾದೇಶಿಕ ಕಚೇರಿಯದು, ಮನೆಗೆ ಬಂದು ವಿಚಾರಿಸುವ ಪೊಲೀಸ್ ಪೇದೆ ರಾಜ್ಯ ಸರ್ಕಾರದವನು. ಒಂದು ಪುಸ್ತಕಕ್ಕೆ ಮೂರು ಯಜಮಾನರು. ತಡವಾದರೆ ಮೂವರೂ ಉಳಿದಿಬ್ಬರ ಕಡೆ ಕೈ ತೋರಿಸುತ್ತಾರೆ.

ರಾಜ್ಯ ಸರ್ಕಾರಕ್ಕೆ ವಿದೇಶಾಂಗದಲ್ಲಿ ಎಷ್ಟು ಪಾತ್ರ ಎಂಬುದು 2023ರ ಏಪ್ರಿಲಿನಲ್ಲಿ ಎದ್ದು ಕಂಡಿತು. ಸುಡಾನಿನಲ್ಲಿ ಯುದ್ಧ ಸಿಡಿದಾಗ ಅಲ್ಲಿ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದರು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಪಾಸ್‌ಪೋರ್ಟಿನ ಪುಟ ತುಂಬಿಸುವುದರಲ್ಲಿ ಅವರು ನಮ್ಮ ಪ್ಲಾಂಟರುಗಳಿಗೆ ಏನೂ ಕಡಿಮೆಯಿಲ್ಲ. ಸುಡಾನಿನಲ್ಲಿದ್ದವರು ಹೆಚ್ಚಾಗಿ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ರಾಜ್ಯದ ರಾಜಕಾರಣಿಗಳು ಟ್ವಿಟರ್‌ನಲ್ಲಿ ಕೇಳಿದರು, ವಿದೇಶಾಂಗ ಸಚಿವರು ಅಲ್ಲೇ ಉತ್ತರಿಸಿದರು, ಮಾತಿಗೆ ಮಾತು ಬೆಳೆಯಿತು. ಆದರೆ ಖಾರ್ಟೂಮಿನಿಂದ ಪೋರ್ಟ್ ಸುಡಾನಿಗೆ ಬಸ್ಸು ಹೊಂದಿಸಲು, ಅಲ್ಲಿಂದ ಹಡಗು–ವಿಮಾನಗಳಲ್ಲಿ ಜೆಡ್ಡಾಗೆ ದಾಟಿಸಲು ರಾಯಭಾರ ಕಚೇರಿಯೇ ಬೇಕು. 3,862 ಜನರನ್ನು ಕರೆತಂದ ಆ ಕಾರ್ಯಾಚರಣೆಯ ಹೆಸರು ‘ಕಾವೇರಿ’, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಸ್ನಾನಘಟ್ಟ ಇರುವ ಅದೇ ಕಾವೇರಿ. ರಾಜ್ಯಗಳ ಇಂಥ ಅಹವಾಲುಗಳಿಗೆಂದೇ 2014ರಲ್ಲಿ ಸಚಿವಾಲಯದೊಳಗೆ ‘ಸ್ಟೇಟ್ಸ್ ಡಿವಿಷನ್’ ತೆರೆದಿದ್ದಾರೆ. ಹೆಸರು ಎಲ್ಲೋ ಕೇಳಿದಂತಿದೆ ಅಲ್ಲವೇ?

ಕೂಡಿಸುವುದು, ಬೇರೆ ಮಾಡುವುದು, ಮತ್ತೆ ಕೂಡಿಸುವುದು ಈ ಸಚಿವಾಲಯದ ಹುಟ್ಟುಗುಣ. ಅನಿವಾಸಿ ಭಾರತೀಯರಿಗೆಂದು 2004ರಲ್ಲಿ ಬೇರೆ ಸಚಿವಾಲಯ ಮಾಡಿದರು, 2016ರಲ್ಲಿ ತಂದು ಇಲ್ಲೇ ಸೇರಿಸಿದರು. 1947ರಲ್ಲಿ ಕಾಮನ್‌ವೆಲ್ತ್ ಇಲಾಖೆಗೆ ಆದದ್ದೂ ಇದೇ.

ನೀವು ಕೇಳದಿದ್ದರೂ ಪ್ಲಾಂಟರ ಮನೆಯವರಾದ್ದರಿಂದ ಇನ್ನೊಂದು ಮಾತು. ಕಾಫಿ ಈ ಸಚಿವಾಲಯದ ಕೈಯಲ್ಲಿಲ್ಲ. ಕಾಫಿ ಮಂಡಳಿ ವಾಣಿಜ್ಯ ಸಚಿವಾಲಯದ್ದು. ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಒಳಗೆ ಬಿಡುವುದಿಲ್ಲ ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮದ ವಿಚಾರವಾಗಿ ಬ್ರಸೆಲ್ಸಿನಲ್ಲಿ ಮಾತಾಡುವವರು ರಾಯಭಾರ ಕಚೇರಿಯವರಿರಬಹುದು, ಆದರೆ ಪಟ್ಟು ಏನು ಹಿಡಿಯಬೇಕು ಎಂದು ತೀರ್ಮಾನಿಸುವುದು ವಾಣಿಜ್ಯದವರು. ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ದಿನಗಳಲ್ಲಿ ಸ್ನೇಹ ಮತ್ತು ವ್ಯಾಪಾರ ಒಂದೇ ಚೀಲದಲ್ಲಿ ಹೋಗುತ್ತಿದ್ದವು. 1991ರಲ್ಲಿ ಆ ಗಿರಾಕಿ ಇಲ್ಲವಾದಾಗ ಚಿಕ್ಕಮಗಳೂರಿನ ಗೋದಾಮುಗಳವರಿಗೆ ವಿದೇಶಾಂಗ ನೀತಿ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕೊನೆಗೆ, ನಿಮ್ಮ ತಾತನ ಅರ್ಜಿಯ ಕಾಗದಗಳು ಸಿಗುವ ಸಾಧ್ಯತೆ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ ಇದೆ. ಅಲ್ಲಿ ಸಿಗದಿದ್ದರೆ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ಎಂಬ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಮೈಸೂರು ರೆಸಿಡೆನ್ಸಿ ಎಂದು ಹಾಕಿ, 1937ರಿಂದ ಮುಂದಿನದಕ್ಕೆ ಪೊಲಿಟಿಕಲ್ ಮತ್ತು ಎಕ್ಸ್‌ಟರ್ನಲ್ ಅಫೇರ್ಸ್ ಎರಡನ್ನೂ ನೋಡಿ. ಗೃಹ ಇಲಾಖೆಯಲ್ಲಿ ಹುಡುಕಿ ನನ್ನಂತೆ ಎರಡು ದಿನ ಕಳೆದುಕೊಳ್ಳಬೇಡಿ.